ಬಲಗಡೆ ಕಿಟಕಿಯ ಕೈಗುಣ

ಜೂನ್ ೩, ಸೋಮವಾರ

ಕೊನೆಗೂ ಇವತ್ತು ಓನರಮ್ಮನ ಕಣ್ಣಿಗೆ ನನ್ನ ಕಾಲು ಬಿತ್ತು. ಇಷ್ಟು ದಿನ ಪಾದ ಮುಚ್ಚುವಂತೆ ಬಟ್ಟೆ ಉಟ್ಟುಕೊಂಡು ಹೇಗೋ ತಪ್ಪಿಸಿಕೊಂಡು ಬಂದಿದ್ದೆ. ಲಾಂಡ್ರಿಗೆ ಹೋಟೆಲಿನವರ ಬೆಡ್‌ಶೀಟಿನ ಗಂಟು ಬಂದಿತ್ತು, ಅದು ಟೇಬಲ್ಲಿನಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದೆ, ಅಷ್ಟೇ. "ಇದೇನ್ರೀ ಇದು, ಕಾಲಾ ಕಂಬಾನಾ?" ಎನ್ನುತ್ತಾ ಬಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು, ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ.

ಓನರಮ್ಮ ಕೆಟ್ಟವರಲ್ಲ. ಆದರೆ ಆಗಸ್ಟ್ ಮುಗಿಯುವವರೆಗೆ ನೋಡುತ್ತಾರಂತೆ. ಬಾವು ಇಳಿದರೆ ಸರಿ. ಇಳಿಯದಿದ್ದರೆ ನಾನು ಇಸ್ತ್ರಿ ಟೇಬಲ್ಲು ಬಿಟ್ಟು, ಅವರ ಪಕ್ಕ ಕೌಂಟರಿನಲ್ಲಿ ಕೂತು, ಬಂದ ಬಟ್ಟೆಗೆ ಚೀಟಿ ಕಟ್ಟಬೇಕಂತೆ. "ಸಂಬಳ ಅಷ್ಟೇ, ಕಷ್ಟ ಕಮ್ಮಿ. ಇನ್ನೇನ್ರೀ ಬೇಕು ನಿಮಗೆ?" ಎಂದರು. ನನಗೆ ಟೇಬಲ್ಲು ಬೇಕು. ಮುದ್ದೆಯಾಗಿ ಬಂದ ಅಂಗಿಯನ್ನು ಕಾಲರಿನಿಂದ ಹಿಡಿದು, ತೋಳಿಗೆ ಬಂದು, ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಇಸ್ತ್ರಿ ಓಡಿಸಿದಾಗ ಆಗುವ ಸುಖ ಚೀಟಿ ಕಟ್ಟುವುದರಲ್ಲಿ ಎಲ್ಲಿಂದ ಬರಬೇಕು? ಗಂಡ ತೀರಿಕೊಂಡ ವರ್ಷವೂ ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ಟೇಬಲ್ಲೇ. ಅದನ್ನು ಬಿಡು ಎಂದರೆ ನಾನು ಎಲ್ಲಿ ನಿಲ್ಲಲಿ?

ಮನೆಗೆ ಬಂದು ನಾದಿನಿಯ ಹತ್ತಿರ ಒದರಿಕೊಂಡೆ. ಮನೆಯಲ್ಲಿ ನಾವಿಬ್ಬರೇ. ಅವಳ ಅಣ್ಣ ತೀರಿಕೊಂಡಾಗ ನಾನು ತವರಿಗೆ ಹೋಗುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. "ಅತ್ತಿಗೆ ಎಲ್ಲಿಗೂ ಹೋಗಲ್ಲ" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ನಾನೂ ಹೋಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಣ್ಣಿಗೆ ಕಾಣದ್ದನ್ನು ಒಪ್ಪುವ ಜಾತಿಯಲ್ಲ. ಅಂಥವಳು ಹೇಳಿದಳು, ಆಸ್ಪತ್ರೆಯಲ್ಲಿ ಒಂದೆಲಗದ ಮಾತ್ರೆಯನ್ನು ಪರೀಕ್ಷೆ ಮಾಡುತ್ತಿದ್ದಾರಂತೆ, ಕಾಲಿನಲ್ಲಿ ರಕ್ತ ಸರಿಯಾಗಿ ಓಡಾಡದವರ ಮೇಲೆ.

"ಒಂದೆಲಗಾನಾ? ಅದು ಬುದ್ಧಿ ಚುರುಕಾಗೋಕೆ ತಿನ್ನೋದಲ್ವೇನೇ?"

"ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಇದೇ ಅತ್ತಿಗೆ" ಎಂದಳು.

ಅಳುತ್ತಾ ಬಂದವಳು ನಕ್ಕೂ ನಕ್ಕೂ ಸುಸ್ತಾದೆ. ಶನಿವಾರ ಹೋಗಿ ಹೆಸರು ಕೊಡುತ್ತೇನೆ.

ಜೂನ್ ೮, ಶನಿವಾರ

ಆಸ್ಪತ್ರೆಯ ಹಾಲ್ ತುಂಬ ನನ್ನಂಥವರೇ. ಅಡುಗೆಯವರು, ಟೀಚರುಗಳು, ಬಟ್ಟೆ ಅಂಗಡಿಯ ಹೆಂಗಸರು. ಒಬ್ಬರ ಕಾಲು ಒಬ್ಬರು ಕದ್ದು ನೋಡಿಕೊಂಡು, ಅವರಿಗಿಂತ ನಮ್ಮದೇ ವಾಸಿ ಎಂದು ಒಳಗೊಳಗೇ ಸಮಾಧಾನ ಪಡುತ್ತಿದ್ದೆವು.

ಪರೀಕ್ಷೆ ನಡೆಸುವವರು ಚಿಕ್ಕ ಡಾಕ್ಟರು. ಹೆಣ್ಣುಮಗಳು, ಚಿಕ್ಕ ವಯಸ್ಸು, ಸ್ವಂತವಾಗಿ ಮಾಡುತ್ತಿರುವ ಮೊದಲ ಪರೀಕ್ಷೆಯಂತೆ. ಪಾಪ, ಮಾತಾಡುವಾಗ ಕೈಲಿದ್ದ ಪೆನ್ನಿನ ಮುಚ್ಚಳ ಬೀಳುತ್ತಲೇ ಇತ್ತು. ರಕ್ತ ಕಾಲಿಗೆ ಇಳಿಯುವುದು ಸುಲಭ, ಮೇಲೆ ಹತ್ತುವುದು ಕಷ್ಟ. ನಡೆದಾಗ ಮೀನಖಂಡ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ತಳ್ಳುವವರಿಲ್ಲದೆ ಅಲ್ಲೇ ಉಳಿದು ಬಾವು ಬರುತ್ತದೆ ಎಂದರು. ಹಿಂಡುವ ಮಾತು ಬಂದದ್ದರಿಂದ ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಅಡುಗೆಯವರೊಬ್ಬರು ಎದ್ದು, "ನಮ್ಮನೆ ನಲ್ಲಿ ಹತ್ರ ಬೇಕಾದಷ್ಟು ಬೆಳ್ದಿದೆಯಲ್ಲ ಈ ಸೊಪ್ಪು, ಅದಕ್ಯಾಕೆ ಇಷ್ಟೆಲ್ಲ?" ಎಂದರು. "ಹಿತ್ತಲ ಗಿಡ ಮದ್ದಲ್ಲ ಅಂತ ಗಾದೇನೇ ಇದೆಯಲ್ಲ" ಎಂದು ಹಿಂದಿನಿಂದ ಯಾರೋ.

"ಮದ್ದು ಹೌದೋ ಅಲ್ವೋ ನೋಡೋಕೇ ನಿಮ್ಮನ್ನೆಲ್ಲ ಕರ್ದಿರೋದು" ಎಂದರು ಚಿಕ್ಕ ಡಾಕ್ಟರು. "ಬೇರೆಯವರು ಹಿಂದೆ ಮಾಡಿರೋ ಕೆಲವು ಪರೀಕ್ಷೇಲಿ ಬಾವು ಇಳಿದಿದೆ. ಆದ್ರೆ ಜನಾನೂ ಕಮ್ಮಿ, ದಿನಾನೂ ಕಮ್ಮಿ. ಅಷ್ಟನ್ನೇ ನಂಬ್ಕೊಂಡು ಎಲ್ಲರಿಗೂ ತಗೊಳ್ಳಿ ಅನ್ನೋಕಾಗಲ್ಲ."

ಹೀಗೆ ಮಾಡುತ್ತಾರಂತೆ: ಎರಡು ಕಿಟಕಿ. ಒಂದರಲ್ಲಿ ನಿಜವಾದ ಒಂದೆಲಗದ ಮಾತ್ರೆ, ಇನ್ನೊಂದರಲ್ಲಿ ಬರೀ ಹಿಟ್ಟಿನ ಮಾತ್ರೆ. ನೋಡಲು ಎರಡೂ ಒಂದೇ. ಯಾವ ಕಿಟಕಿಯಲ್ಲಿ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ಚಿಕ್ಕ ಡಾಕ್ಟರಿಗೂ ಗೊತ್ತಿಲ್ಲ. ದೊಡ್ಡ ಡಾಕ್ಟರ ಬೀರುವಿನಲ್ಲಿ ಒಂದು ಲಕೋಟೆಯೊಳಗೆ ಬರೆದಿಟ್ಟಿದೆಯಂತೆ. ನಮ್ಮ ಕಿಟಕಿ ಯಾವುದೆಂದು ಚೀಟಿ ಎತ್ತಿಸಿದರು. ನನಗೆ ಎಡಗಡೆ ಕಿಟಕಿ ಬಂತು. ರಕ್ತ ತೆಗೆದುಕೊಂಡರು, ಈ ಸೊಪ್ಪು ಯಾರಿಗಾದರೂ ಪಿತ್ತಜನಕಾಂಗಕ್ಕೆ ತೊಂದರೆ ಕೊಟ್ಟೀತೇ ಎಂದು ನೋಡುವುದಕ್ಕೆ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ಒಮ್ಮೆ ಸೀನಿದ ನೋಡು, ಮುಂದಿನ ಸಾಲಿನವರೆಲ್ಲ ದಾರಿ ಬಿಟ್ಟು ಸರಿದುಕೂತರು. ಅವನಿಗೆ ಮನಸ್ಸಿನಲ್ಲೇ ಹಾರ್ನ್ ಎಂದು ಹೆಸರಿಟ್ಟೆ.

"ನಿಮ್ಗೆ ನಿಂತೂ ನಿಂತೂ ಹಿಂಗಾಗಿದೆ, ನಂಗೆ ಕೂತೂ ಕೂತೂ ಹಿಂಗಾಗಿದೆ. ಹಂಗಾದ್ರೆ ಮನುಷ್ಯ ಇರೋದಾದ್ರೂ ಹೆಂಗ್ರೀ?" ಎಂದ.

"ಬಾಯಿ ಮುಚ್ಕೊಂಡು ಇರೋದು" ಎಂದೆ. ಅದಕ್ಕೂ ನಗುತ್ತಾನೆ. ವಿಚಿತ್ರ ಮನುಷ್ಯ.

ಜೂನ್ ೧೫, ಶನಿವಾರ

ವಾರಕ್ಕೊಮ್ಮೆ ಹಳೇ ಸೀಸೆ ತೋರಿಸಿ ಹೊಸ ಸೀಸೆ ತೆಗೆದುಕೊಳ್ಳಬೇಕು. ನನ್ನ ಕಿಟಕಿಯಲ್ಲಿ ಕೂರುವವನು ಗಂಟುಮೋರೆ. ಸೀಸೆ ಕೊಡುವುದಿಲ್ಲ, ತಳ್ಳುತ್ತಾನೆ. ಸಾಲ ವಸೂಲಿಗೆ ಬಂದವರಿಗೆ ಕೊಡುವ ಹಾಗೆ. ಬಲಗಡೆ ಕಿಟಕಿಯಲ್ಲಿ ಸಿಸ್ಟರಕ್ಕ ಇದ್ದಾರೆ. ಎಲ್ಲರೂ ಅವರನ್ನು ಹಾಗೇ ಕರೆಯುವುದು. ಅವರು ಎರಡೂ ಕೈಯಲ್ಲಿ ಸೀಸೆ ಹಿಡಿದು, ಮುಖ ನೋಡಿ ನಕ್ಕು, "ಬೇಗ ವಾಸಿಯಾಗ್ಲಿ ಅಮ್ಮಾ" ಎಂದು ಕೊಡುತ್ತಾರೆ. ಅವರ ಕೈಗುಣ ಬಹಳ ದೊಡ್ಡದಂತೆ. ಅವರು ಇಂಜೆಕ್ಷನ್ ಕೊಟ್ಟರೆ ಜ್ವರ ಬಾಗಿಲು ದಾಟುವಷ್ಟರಲ್ಲಿ ಇಳಿಯುತ್ತದೆ ಎಂದು ಸಾಲಿನಲ್ಲಿದ್ದ ಹೆಂಗಸು ಹೇಳಿದಳು.

ನನ್ನ ಅದೃಷ್ಟಕ್ಕಿಷ್ಟು ಬೆಂಕಿ ಹಾಕ. ಔಷಧಿ ಅಮೃತವೇ ಆದರೂ ಕೊಡುವವನ ಮುಖ ಹಾಗಿದ್ದರೆ ಮೈಗೆ ಹತ್ತೀತೆ? ನನ್ನ ಟೇಬಲ್ಲಿನ ಗತಿ ಇರುವುದು ಆ ಸೀಸೆಯಲ್ಲಿ. ಗೊಣಗುತ್ತಾ ಮೆಟ್ಟಿಲಿಳಿಯುವಾಗ ಹಾರ್ನ್ ಎದುರಾದ. ಅವನದು ಬಲಗಡೆ ಕಿಟಕಿಯಂತೆ! ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವ ಹಾಗೆ ಅವನಿಗೆ ಕೈಗುಣದಲ್ಲಿ ನಂಬಿಕೆಯೇ ಇಲ್ಲ. "ನಂಗೆ ಯಾರ್ ಕೊಟ್ರೂ ಒಂದೇ. ಬೇಕಾದ್ರೆ ನನ್ ಮಾತ್ರೆ ನೀವ್ ತಗೊಳ್ಳಿ, ನಿಮ್ದು ನಾನ್ ತಗೋತೀನಿ" ಎಂದ.

ಆಸ್ಪತ್ರೆಯವರ ಕಣ್ಣೆದುರು ಬದಲಾಯಿಸುವ ಹಾಗಿಲ್ಲ. ಪಾರ್ಕ್ ದಾಟಿ, ರೈಲು ಹಳಿ ದಾಟಿ, ಡಿಪೋ ಹಿಂದಿನ ಟೀ ಅಂಗಡಿಗೆ ಹೋದೆವು. ಅಲ್ಲಿ ಹೊಸ ತೊಡಕು. ಸೀಸೆಯ ಮೇಲೆ ನಮ್ಮ ನಮ್ಮ ನಂಬರು ಇದೆ, ಶನಿವಾರ ಅದದೇ ಕಿಟಕಿಗೆ ಅದದೇ ಸೀಸೆ ವಾಪಸು ಹೋಗಬೇಕು. ಅವನೇ ಯೋಚಿಸಿ ಹೇಳಿದ, ಸೀಸೆ ನಮ್ಮ ನಮ್ಮ ಹತ್ತಿರವೇ ಇರಲಿ, ದಿನಾ ಸಂಜೆ ಇಲ್ಲಿ ಸೇರಿ ಆ ದಿನದ ಮಾತ್ರೆ ಮಾತ್ರ ಬದಲಾಯಿಸಿಕೊಳ್ಳೋಣ ಎಂದು. ಡ್ರೈವರ್ ಆದರೂ ತಲೆ ಓಡುತ್ತದೆ.

ಜೂನ್ ೨೧, ಶುಕ್ರವಾರ

ಲಾಂಡ್ರಿಯಿಂದ ಟೀ ಅಂಗಡಿಗೆ ಸಾಕಷ್ಟು ದೂರ. ಬಸ್ಸಿನಲ್ಲಿ ಹೋಗೋಣವೆಂದರೆ ಆ ದಾರಿಯಲ್ಲಿ ಬರುವುದು ಹಾರ್ನ್‌ನ ಬಸ್ಸೇ, ಅವನ ಡ್ಯೂಟಿ ಆಗ ಮುಗಿದಿರುತ್ತದೆ. ಹಾಗಾಗಿ ನಡೆಯುವುದೇ ಆಗಿದೆ. ಬರುವಾಗ ಅವನೂ ರೈಲು ಹಳಿಯವರೆಗೆ ಬರುತ್ತಾನೆ. ಬೇಡ ಎಂದರೆ ಕೇಳಬೇಕಲ್ಲ. ಹೆಂಡತಿ ಹೋಗಿ ಬಹಳ ವರ್ಷವಾಯಿತಂತೆ, ಮಗಳು ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದಾಳಂತೆ. ಬೇಡದ್ದೆಲ್ಲ ಹೇಳುತ್ತಾನೆ, ನಾನೂ ಕೇಳಿಸಿಕೊಳ್ಳುತ್ತೇನೆ, ಮಾತ್ರೆಯ ಋಣ.

ಅವನ ಯೂನಿಫಾರ್ಮಿನ ಕಾಲರು ನೋಡಿದರೆ ನನ್ನ ಕೈ ತುರಿಸುತ್ತದೆ. ಯಾರು ಇಸ್ತ್ರಿ ಮಾಡುತ್ತಾರೋ, ಎಮ್ಮೆ ಮಲಗಿ ಎದ್ದ ಹಾಗಿರುತ್ತದೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ನಾನೇ ಮಾಡ್ಕೊಳ್ಳೋದು" ಎಂದು ನಾಚಿಕೊಂಡ.

ಜುಲೈ ೨, ಮಂಗಳವಾರ

ಇಳಿದಿದೆ! ಸಾಕ್ಸಿನ ಗೆರೆ ನಿನ್ನೆಯವರೆಗೆ ಕಾಲುವೆಯ ಹಾಗೆ ಬೀಳುತ್ತಿತ್ತು, ಇವತ್ತು ಕಣ್ಣರಳಿಸಿ ಹುಡುಕಬೇಕಾಯಿತು. ಬಚ್ಚಲಿನಿಂದಲೇ ಕೂಗಿದೆ. ನಾದಿನಿ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದು, ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. "ಹೌದು ಅತ್ತಿಗೆ, ಇಳಿದಿದೆ" ಎಂದಳು. ಅವಳ ಬಾಯಲ್ಲಿ ಹೌದು ಬಂದರೆ ಅದು ಕೋರ್ಟಿನ ತೀರ್ಪು. ಹಾಲು ಉಕ್ಕಿ ಚೆಲ್ಲಿಹೋಯಿತು, ಇಬ್ಬರೂ ಬೈದುಕೊಳ್ಳಲಿಲ್ಲ.

ಸಿಸ್ಟರಕ್ಕನ ಕೈ ಚಿನ್ನದ ಕೈ. ಟೇಬಲ್ಲು ನನ್ನದೇ.

ಜುಲೈ ೬, ಶನಿವಾರ

ಚಿಕ್ಕ ಡಾಕ್ಟರು ಟೇಪ್ ಹಿಡಿದು ಪಾದದ ಗಂಟಿನ ಸುತ್ತಳತೆ ತೆಗೆದು ಖುಷಿಯಾದರು. ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಮುಚ್ಚಿಡಬಾರದೆಂದು ಹೇಳಿದೆ: ಸಂಜೆಯ ಹೊತ್ತು ಮುಖ ಬಿಸಿಯಾಗುತ್ತದೆ, ಎದೆ ಡವಡವ ಎನ್ನುತ್ತದೆ. ಟೀ ಅಂಗಡಿಯ ತಿರುವಿಗೆ ಬಂದಾಗ ಜಾಸ್ತಿ ಎಂಬುದನ್ನು ಮಾತ್ರ ಹೇಳಲಿಲ್ಲ, ಆ ಅಂಗಡಿಯ ಸುದ್ದಿ ಎತ್ತುವ ಹಾಗಿಲ್ಲವಲ್ಲ. ಅವರು ಗಂಭೀರವಾಗಿ ನಾಡಿ ನೋಡಿದರು, ಬಿಪಿ ನೋಡಿದರು. ಎಲ್ಲ ಸರಿಯಿದೆಯಂತೆ. "ಬೇರೆ ಯಾರಿಗೂ ಹೀಗಾಗಿಲ್ಲ. ಬರ್ಕೊಂಡಿರ್ತೀನಿ" ಎಂದರು. ಒಂದೆಲಗ ದೇಹಕ್ಕೆ ತಂಪು ಎನ್ನುತ್ತಾರೆ. ನನಗೆ ಮಾತ್ರ ಬಿಸಿಯಾಗಿದೆ.

ಜುಲೈ ೧೬, ಮಂಗಳವಾರ

ಇವತ್ತು ಅವರು ಬರಲಿಲ್ಲ. ಯಾರೋ ರಜೆ ಹಾಕಿದ್ದಕ್ಕೆ ದೂರದ ರೂಟಿಗೆ ಕಳಿಸಿದ್ದಾರೆಂದು ಟೀ ಅಂಗಡಿಯವನು ಹೇಳಿದ. ಮಾತ್ರೆ ಬದಲಾಗಲಿಲ್ಲ. ಕಾಲು ಭಾರ. ಊಟವೂ ಸೇರಲಿಲ್ಲ. ಒಂದು ದಿನ ತಪ್ಪಿದರೇ ಹೀಗಾದರೆ ಈ ಮಾತ್ರೆಯ ಶಕ್ತಿ ಎಷ್ಟಿರಬೇಡ!

ಜುಲೈ ೧೭, ಬುಧವಾರ

ಬಂದರು. ಕಾಲು ಹಗುರ.

ಜುಲೈ ೨೬, ಶುಕ್ರವಾರ

ಊಟದ ಹೊತ್ತಿನಲ್ಲಿ ನಾದಿನಿಗೆ ಬಸ್ಸಿನ ಕತೆ ಹೇಳುತ್ತಿದ್ದೆ. ಒಬ್ಬ ಅಜ್ಜ ಹತ್ತಿ, ತಾನು ಇಳಿಯಬೇಕಾದ ಜಾಗ ಮರೆತು, "ಡ್ರೈವರಪ್ಪಾ, ನಾನು ಎಲ್ಲಿಗೆ ಹೊರಟಿದ್ದೆ?" ಎಂದು ಕೇಳಿದನಂತೆ. ಇವರು ಬಸ್ ನಿಲ್ಲಿಸಿ, "ಕೈಲಿ ಏನಿದೆ ತಾತ? ಔಷಧಿ ಚೀಟಿಯಾ? ಹಾಗಾದ್ರೆ ಆಸ್ಪತ್ರೆಗೆ" ಎಂದು ಅಲ್ಲೇ ಇಳಿಸಿದರಂತೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಗು ತಡೆಯಲಾಗಲಿಲ್ಲ.

ನಾದಿನಿ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಅತ್ತಿಗೆ, ಹೋದ ತಿಂಗ್ಳು ಹಾರ್ನು 'ಅವನು' ಆಗಿದ್ದ. ಈಗ 'ಅವರು' ಆಗಿಬಿಟ್ಟಿದಾರಲ್ಲ" ಎಂದಳು.

"ವಯಸ್ಸಾದವರಿಗೆ ಮರ್ಯಾದೆ ಕೊಡ್ಬೇಕಲ್ವೇನೇ?" ಎಂದೆ.

"ಕೊಡಿ, ಕೊಡಿ. ಅಲ್ಲಾ, ಸೀಸೆ ನಂಬರಿಂದಲ್ವಾ ತೊಂದ್ರೆ? ಮಾತ್ರೆಗಳನ್ನೆಲ್ಲ ಒಂದೇ ಸಲ ಸುರ್ಕೊಂಡು ಬದಲಾಯಿಸಿದ್ರೆ ವಾರಕ್ಕೊಂದು ದಿನ ಹೋದ್ರೆ ಸಾಕಿತ್ತಲ್ಲ."

ಅದು ಹೌದಲ್ಲ! ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಈಗ ಅಭ್ಯಾಸವಾಗಿದೆ, ಹೀಗೇ ನಡೆದುಕೊಂಡು ಹೋಗಲಿ.

ಆಗಸ್ಟ್ ೩, ಶನಿವಾರ

ಇವತ್ತು ಚಿಕ್ಕ ಡಾಕ್ಟರು ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದರು. ಮುಖದಲ್ಲಿ ಕಳೆಯೇ ಇಲ್ಲ. ಎರಡೂ ಕಿಟಕಿಯವರಲ್ಲಿ ಕೆಲವರ ಕಾಲು ಇಳಿದಿದೆ, ಕೆಲವರದು ಇಳಿದಿಲ್ಲ, ತಲೆಬುಡ ಗೊತ್ತಾಗುತ್ತಿಲ್ಲ ಎಂದರು.

"ಯಾರಾದ್ರೂ ಇನ್ನೊಬ್ರ ಮಾತ್ರೆ ತಗೊಂಡಿದ್ರೆ ದಯವಿಟ್ಟು ಹೇಳಿ. ಬೈಯಲ್ಲ. ಅವರನ್ನ ಪರೀಕ್ಷೆಯಿಂದ ಬಿಡ್ತೀನಿ, ಅಷ್ಟೇ. ಗೊತ್ತಿಲ್ದಿರೋ ಮಾತ್ರೆ ತಗೊಳ್ಳೋದು ನಿಮ್ಗೂ ಒಳ್ಳೇದಲ್ಲ. ನಾನು ಇದನ್ನ ಹೀಗೇ ಬರೆದ್ರೆ, ಯಾರೋ ಒಬ್ರು ನನ್ನ ಮಾತು ನಂಬಿ, ತಗೋಬೇಕಾದ ಔಷಧಿ ಬಿಟ್ಟು ಇದನ್ನ ತಗೋಬಹುದು. ಅವರ ಕಾಲಲ್ಲಿ ಹುಣ್ಣಾದ್ರೆ ಯಾರು ಹೊಣೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿಯೇ ಚೀಲದೊಳಗಿನ ಸೀಸೆಯ ಮೇಲೆ ಹೋಯಿತು. ತಪ್ಪೊಪ್ಪಿಕೊಂಡರೆ ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಬಾವು ಬರುತ್ತದೆ. ಬಾವು ಬಂದರೆ ಟೇಬಲ್ಲು ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಎದ್ದು ಬಂದೆ.

ಆಗಸ್ಟ್ ೭, ಬುಧವಾರ

ಮೂರು ದಿನದಿಂದ ಇಸ್ತ್ರಿಯಲ್ಲಿ ಮನಸ್ಸಿಲ್ಲ. ಡಾಕ್ಟರೊಬ್ಬರ ಬಿಳಿ ಕೋಟು ಬಂದಿತ್ತು, ಅದನ್ನು ನೋಡಿದರೆ ಆ ಹುಡುಗಿಯ ಬಾಡಿದ ಮುಖವೇ ಕಣ್ಣ ಮುಂದೆ. ಮೊದಲ ಕೆಲಸ ಅವಳದು. ಅವಳು ಮಾಡುತ್ತಿರುವ ಹೋಮವೆಲ್ಲ ನೀರಿನಲ್ಲಿ ಹೋಗುತ್ತಿದೆ, ನೀರು ಹೊಯ್ಯುತ್ತಿರುವವಳು ನಾನು. ಇವತ್ತು ಟೀ ಅಂಗಡಿಯಲ್ಲಿ ಅವರಿಗೆ ಹೇಳಿಬಿಟ್ಟೆ, ಶನಿವಾರ ಒಪ್ಪಿಕೊಳ್ಳುತ್ತೇನೆ ಎಂದು.

ಅವರು ಲೋಟ ಕೆಳಗಿಟ್ಟರು. ಆಮೇಲೆ, "ನಿಮ್ ಟೇಬಲ್ಲು?" ಎಂದರು.

"ಹೋದ್ರೆ ಹೋಗ್ಲಿ" ಎಂದೆ.

"ನೀವ್ ಒಬ್ರೇ ಹೇಳ್ಬೇಡಿ. ನಾನೂ ಪಕ್ಕದಲ್ಲಿ ನಿಂತ್ಕೋತೀನಿ" ಎಂದರು. ನಾನು ಟೀ ಮುಗಿಸಿ ಎದ್ದೆ.

ಆಗಸ್ಟ್ ೧೦, ಶನಿವಾರ

ಇಂಥ ದಿನವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬರೆಯುತ್ತಿದ್ದರೂ ನಗು ಬರುತ್ತಿದೆ.

ಹಾಲಿನಲ್ಲಿ ಎದ್ದು ನಿಂತೆ. ಅವರೂ ಪಕ್ಕದಲ್ಲಿ ಎದ್ದರು. "ಡಾಕ್ಟ್ರೇ, ನಾವಿಬ್ರೂ ಮಾತ್ರೆ ಬದಲಾಯಿಸ್ಕೊಂಡಿದೀವಿ. ತಪ್ಪು ನಂದು. ಸಿಸ್ಟರಕ್ಕನ ಕೈಗುಣ ಚೆನ್ನಾಗಿದೆ ಅಂತ ಆಸೆ ಬಿದ್ದೆ" ಎಂದೆ.

ಆಗ ಆ ಅಡುಗೆಯವರು ಮೆಲ್ಲಗೆ ಎದ್ದು ನಿಂತರು. "ನಾನೂ..." ಎಂದರು. ಪಕ್ಕದ ಮನೆಯವರೊಡನೆ ಬದಲಾಯಿಸುತ್ತಿದ್ದರಂತೆ. ಅವರ ಹಿಂದೆ ಟೀಚರೊಬ್ಬರು. ಬಟ್ಟೆ ಅಂಗಡಿಯ ಹೆಂಗಸರು ಮೂವರೂ ಒಟ್ಟಿಗೆ. ಅಕ್ಕ ತಂಗಿ ಇಬ್ಬರು ಬೇರೆ ಬೇರೆ ಕಿಟಕಿಯವರು, ಭೇದ ಮಾಡಬಾರದೆಂದು ಎರಡೂ ಸೀಸೆ ಒಂದೇ ಡಬ್ಬಿಗೆ ಸುರಿದು ಕಲಸಿ ತಿಂದಿದ್ದರಂತೆ! ನೋಡನೋಡುತ್ತಿದ್ದಂತೆ ಎಡಗಡೆ ಕಿಟಕಿಯವರಲ್ಲಿ ಕೂತವರನ್ನು ಹುಡುಕಬೇಕಾಯಿತು. ಎಲ್ಲರದೂ ಒಂದೇ ಕಾರಣ, ಸಿಸ್ಟರಕ್ಕನ ಕೈಗುಣ. ಸಿಸ್ಟರಕ್ಕ ಮುಖ ಕೆಂಪಾಗಿ ಎರಡೂ ಕೈ ಹಿಂದೆ ಬಚ್ಚಿಟ್ಟುಕೊಂಡರು.

ಚಿಕ್ಕ ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಭುಜ ಅಲುಗುತ್ತಿತ್ತು, ಅಯ್ಯೋ ಅಳಿಸಿಬಿಟ್ಟೆವಲ್ಲ ಎಂದುಕೊಂಡೆ. ಮುಖ ಎತ್ತಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಗು. "ಎಲ್ಲದಕ್ಕೂ ಲೆಕ್ಕ ಹಾಕಿದ್ದೆ, ಕೈಗುಣಕ್ಕೆ ಹಾಕಿರ್ಲಿಲ್ಲ" ಎಂದರು.

ಪರೀಕ್ಷೆ ರದ್ದು. ಬೇರೆ ಜನರನ್ನು ಕರೆದು ಮೊದಲಿನಿಂದ ಮಾಡುತ್ತಾರಂತೆ, ಈ ಸಲ ಎರಡು ಬಗೆಯ ಮಾತ್ರೆಗೂ ಒಂದೇ ಕಿಟಕಿ, ಒಂದೇ ಕೈ. ದೊಡ್ಡ ಡಾಕ್ಟರು ಬೈದರೂ ಒಪ್ಪಿದ್ದಾರೆ. ಗಂಟುಮೋರೆಯ ಮುಖ ನೋಡಲು ನನಗೆ ನಾಚಿಕೆಯಾಯಿತು. ಹೋಗಿ ತಪ್ಪಾಯಿತಪ್ಪ ಎಂದೆ. "ಬಿಡಿ ಅಮ್ಮಾ, ನನ್ ಕೈಲಿ ಕಾಫಿ ಕೊಟ್ರೂ ಕಹಿ ಅಂತಾಳೆ ನನ್ ಹೆಂಡ್ತಿ" ಎಂದ. ಅವನು ನಕ್ಕದ್ದನ್ನು ಇವತ್ತೇ ನೋಡಿದ್ದು, ಚೆನ್ನಾಗಿಯೇ ನಗುತ್ತಾನೆ.

ಸೀಸೆ ವಾಪಸು ಕೊಟ್ಟೆ. ಇನ್ನು ಟೇಬಲ್ಲು ಹೋದ ಹಾಗೇ.

ಆಗಸ್ಟ್ ೧೭, ಶನಿವಾರ

ಎಲ್ಲರನ್ನೂ ಕರೆಸಿ ಲಕೋಟೆ ಒಡೆದರು. ಎಡಗಡೆ ಕಿಟಕಿ ಒಂದೆಲಗ. ಬಲಗಡೆ ಕಿಟಕಿ ಹಿಟ್ಟು.

ಹಿಟ್ಟು! ನನಗೆಂದು ಬಂದ ನಿಜವಾದ ಮಾತ್ರೆಯನ್ನು ದಿನಾ ಅವರ ಕೈಗೆ ಹಾಕಿ, ಹಿಟ್ಟು ತಿಂದುಕೊಂಡು ಚಿನ್ನದ ಕೈ ಎಂದು ಕುಣಿದಿದ್ದೆ. ಹಾಲಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನು ಚಿಕ್ಕ ಡಾಕ್ಟರ ಮುಂದೆ ಕಾಲು ಚಾಚಿ, "ಹಾಗಾದ್ರೆ ಇದು ಹೇಗೆ ಇಳೀತು?" ಎಂದು ಕೇಳಿದೆ.

"ನೀವು ದಿನಾ ಎಷ್ಟು ನಡೀತೀರಿ?"

"ನಾನೆಲ್ಲಿ ನಡೀತೀನಿ ಡಾಕ್ಟ್ರೇ? ಲಾಂಡ್ರಿ, ಮನೆ, ಅಷ್ಟೇ. ಸಂಜೆ ಇವರ ಹತ್ರ ಮಾತ್ರೆ ಬದಲಾಯಿಸೋಕೆ ಡಿಪೋ ಹಿಂದಿನ ಟೀ ಅಂಗಡಿಗೆ ಹೋಗಿಬರ್ತೀನಿ."

"ಲಾಂಡ್ರಿಯಿಂದ ಡಿಪೋವರೆಗಾ? ದಿನಾನಾ?" ಅವರು ಟೇಪು ಕೆಳಗಿಟ್ಟರು. "ಬಹುಶಃ ಅದೇ ಇರ್ಬೇಕು ಅಮ್ಮಾ ನಿಮ್ಮ ಔಷಧಿ. ಮೀನಖಂಡ ಹಿಂಡಿ ಹಿಂಡಿ ರಕ್ತ ಮೇಲೆ ಕಳ್ಸಿದೆ."

ಪಕ್ಕದಲ್ಲಿ ನಿಂತಿದ್ದ ಇವರ ಕಾಲೂ ಇಳಿದಿದೆಯಲ್ಲ, ಅದು ಸೊಪ್ಪಿನಿಂದಲೋ ನಡಿಗೆಯಿಂದಲೋ ಎಂದೆ. ಅದು ಹೇಳಲಾಗುವುದಿಲ್ಲ, ಸೊಪ್ಪಿನಲ್ಲಿ ಗುಣ ಇರಲೂಬಹುದು, ಅದು ತಿಳಿಯಬೇಕಾದರೆ ಯಾರೂ ಅದಲುಬದಲು ಮಾಡದ ಪರೀಕ್ಷೆ ನಡೆಯಬೇಕು ಎಂದು ನನ್ನನ್ನು ನೋಡಿ ನಕ್ಕರು. ನಡೆಯುವುದು ನಿಲ್ಲಿಸಬೇಡಿ ಎಂದರು. ಬಾವು ಮತ್ತೆ ಬಂದರೆ ತೋರಿಸಲು ಹೇಳಿದರು. ಅಂದರೆ ಮಾತ್ರೆ ಹೋದರೂ ಟೇಬಲ್ಲು ಹೋಗುವುದಿಲ್ಲ! ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ಮನೆಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ನೋಡೇ, ಸಿಸ್ಟರಕ್ಕನ ಕೈಗುಣ ಎಂಥದ್ದು, ಹಿಟ್ಟು ಕೊಟ್ರೂ ನಾಟಿತು" ಎಂದೂ ಸೇರಿಸಿದೆ.

"ಸಿಸ್ಟರಕ್ಕನ ಕೈಯಿಂದ ನೀವು ಒಂದು ಮಾತ್ರೇನಾದ್ರೂ ತಗೊಂಡಿದೀರಾ ಅತ್ತಿಗೆ?" ಎಂದಳು ನಾದಿನಿ. "ಅವರ ಕೈಯಿಂದ ತಗೊಂಡಿದ್ದು ಡ್ರೈವರು. ನೀವು ತಗೊಂಡಿದ್ದು ಡ್ರೈವರ್ ಕೈಯಿಂದ."

ಅವಳು ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಒಂದಿನ ಊಟಕ್ಕೆ ಕರೀರಿ ಅವರನ್ನ. ಕೈಗುಣ ನೋಡಿದ್ದಾಯ್ತು, ಕೈ ಹಿಡಿಯೋ ಯೋಗ್ಯತೆ ಇದೆಯಾ ನಾನು ನೋಡ್ತೀನಿ." ಹಿಂದಿನಿಂದ ಹೋಗಿ ಅವಳನ್ನು ತಬ್ಬಿಕೊಂಡೆ. ಬೈಯೋಣವೆಂದುಕೊಂಡೇ ಹೋಗಿದ್ದು.

ಆಗಸ್ಟ್ ೧೯, ಸೋಮವಾರ

ಬದಲಾಯಿಸುವುದಕ್ಕೆ ಏನೂ ಇಲ್ಲ. ಆದರೂ ಡಾಕ್ಟರು ನಡೆಯಲು ಹೇಳಿದ್ದಾರಲ್ಲ ಎಂದು ಹೊರಟೆ. ಎಲ್ಲ ಬಿಟ್ಟು ಡಿಪೋ ಕಡೆಗೇ ಹೋದೆ. ಅವರು ಅಲ್ಲೇ ಇದ್ದರು, ಬಾಗಿಲ ಕಡೆ ಮುಖ ಮಾಡಿ. ಇಬ್ಬರೂ ಬರಿಗೈ. ಇಬ್ಬರಿಗೂ ಸಂಕೋಚ. ಟೀ ಬಂತು.

"ಏನಾದ್ರೂ ಬದಲಾಯಿಸ್ಕೊಳ್ಳದೆ ಹೋದ್ರೆ ಚೆನ್ನಾಗಿರಲ್ಲ" ಎಂದು ಅವರ ಟೀ ಲೋಟ ನನ್ನ ಕಡೆ ಸರಿಸಿದರು. ನಾನು ನನ್ನದನ್ನು ಅವರ ಕಡೆ ಸರಿಸಿದೆ. ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಕಡಿಮೆ ಮಾಡಿಸಬೇಕು.

ಆಗಸ್ಟ್ ೨೫, ಭಾನುವಾರ

ಊಟಕ್ಕೆ ಬಂದಿದ್ದರು. ನಾದಿನಿ ಕೇಳಿದ ಪ್ರಶ್ನೆಗಳಿಗೆ ಪೊಲೀಸರೇ ವಾಸಿ. ಊಟದ ಮಧ್ಯೆ ಒಂದು ಸೀನು ಬಂತು, ಕಿಟಕಿ ಗಾಜು ಅದುರಿತು. ನಾದಿನಿ ಬೆಚ್ಚಿ ನೀರು ಚೆಲ್ಲಿಕೊಂಡು, ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅಲ್ಲಿಗೆ ಅವಳ ಪರೀಕ್ಷೆ ಮುಗಿಯಿತು. ಹೊರಡುವಾಗ ಅವರ ಯೂನಿಫಾರ್ಮಿನ ಅಂಗಿಗಳನ್ನು ತಂದುಕೊಡಬೇಕೆಂದು ಬಲವಂತ ಮಾಡಿದೆ. ಆ ಕಾಲರುಗಳನ್ನು ಇನ್ನು ನೋಡುತ್ತಾ ಕೂರಲು ನನ್ನಿಂದಾಗದು.

ಆಗಸ್ಟ್ ೩೧, ಶನಿವಾರ

ಓನರಮ್ಮ ಹೇಳಿದ ಗಡುವು ಇವತ್ತಿಗೆ. ಬೆಳಿಗ್ಗೆ ನಾನಾಗಿಯೇ ಸ್ಟೂಲಿನ ಮೇಲೆ ಕಾಲಿಟ್ಟು ತೋರಿಸಿದೆ. ಹೆಬ್ಬೆರಳಿನಿಂದ ಒತ್ತಿದರು, ಗುಳಿ ಬೀಳಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿದರು. "ಆಯ್ತು ಮಾರಾಯ್ತಿ, ಟೇಬಲ್ಲು ನಿಂದೇ. ನಡುನಡುವೆ ಅಡ್ಡಾಡಿ ಬಾ, ಇಲ್ಲಾಂದ್ರೆ ನಾನೇ ಓಡಿಸ್ತೀನಿ" ಎಂದರು. ಖುಷಿಯಲ್ಲಿ ಅವರ ಮಾತೂ ಏಕವಚನಕ್ಕೆ ಇಳಿಯಿತು. ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿ ನೋಡಿದೆ. ನನ್ನ ಜಾಗ ನನಗೆ ಸಿಕ್ಕಿತು.

ಮೊದಲ ಕೆಲಸಕ್ಕೆ ಚೀಲದಿಂದ ಯೂನಿಫಾರ್ಮಿನ ಅಂಗಿಗಳನ್ನು ತೆಗೆದು ಕೌಂಟರಿನ ಮೇಲಿಟ್ಟೆ. ಒಳಗಿನವರದು ಹೊರಗಿನವರದು ಎಂದಿಲ್ಲ, ಚೀಟಿ ಇಲ್ಲದೆ ಯಾವ ಬಟ್ಟೆಯೂ ಟೇಬಲ್ಲಿಗೆ ಬರುವ ಹಾಗಿಲ್ಲ, ಅದು ಓನರಮ್ಮನ ಕಾನೂನು. ಅವರು ಚೀಟಿ ಹಿಡಿದು, ತಲೆಯೆತ್ತದೆ, "ಯಾರ ಬಟ್ಟೆ? ಏನಂತ ಬರೀಲಿ?" ಎಂದರು.

"ನಮ್ಮವರದು" ಎಂದೆ.

ಅಂದದ್ದು ನನ್ನ ಕಿವಿಗೆ ಬಿದ್ದದ್ದು ಆಮೇಲೆ. ಆ ಮಾತು ನನ್ನ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಓನರಮ್ಮ ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ಅಂಗಿಯ ಗುಂಡಿ ನೋಡಿದೆ. ಮುಖ ಬಿಸಿಯಾಗಿತ್ತು, ಯಾವ ಮಾತ್ರೆಯ ಮೇಲೂ ಹೊರಿಸುವ ಹಾಗಿರಲಿಲ್ಲ. ಅವರು ಚೀಟಿಯ ಮೇಲೆ ಹಾಗೇ ದಪ್ಪಗೆ ಬರೆದು ಕಾಲರಿನ ಗುಂಡಿತೂತಿಗೆ ಕಟ್ಟಿದರು. ನಾನೂ ತಿದ್ದಿ ಎನ್ನಲಿಲ್ಲ.